ಆಕಾಶ ಹೊತ್ತವರ ನಗೆಪಾಟಲು

ಆಟಕ್ಕೂ ವಿಮರ್ಶೆ ಬೇಕೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಕಾವ್ಯ ಓದುವವನು ಪಾತ್ರವನ್ನು ದೂರ ಕೂತು ನೋಡುತ್ತಾನೆ. ಆಡುವವನು ಪಾತ್ರದ ಚರ್ಮದೊಳಕ್ಕೇ ಇಳಿಯುತ್ತಾನೆ. ಹಾಗೆ ಇಳಿದವನು ಯಾರ ಚರ್ಮದೊಳಕ್ಕೆ ಇಳಿದ, ಒಳಗೆ ಏನು ಕಂಡ ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ನಾನು ಹೇಳುತ್ತಿರುವುದು ಅಮೆರಿಕದಲ್ಲಿ ಹುಟ್ಟಿದ ಒಂದು ಆಟದ ಬಗ್ಗೆ. 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕಥೆ ನಡೆಸುವವನು, ನಮ್ಮ ಸಣ್ಣಾಟದ ಭಾಗವತ ಅನ್ನಿ. ಉಳಿದವರು ಒಬ್ಬೊಬ್ಬರು ಒಂದೊಂದು ವೇಷ. ದಾಳ ಉರುಳುತ್ತೆ, ಕಥೆ ಮುಂದೆ ಹೋಗುತ್ತೆ. ಇವತ್ತು ಬೆಂಗಳೂರಿನಲ್ಲೂ ಇದಕ್ಕೆ ಕೂರುವ ಹುಡುಗ ಹುಡುಗಿಯರು ಇದ್ದಾರೆ. ವೇಷ ಕಟ್ಟುವ ಮೊದಲೇ ಹೇಳಬೇಕಾದದ್ದು, ನೀನು ಯಾವ ಕುಲದವನು ಅಂತ. ಮನುಷ್ಯನೊ, ಎಲ್ಫೊ, ಡ್ವಾರ್ಫೊ, ನೋಮೊ? ಎಲ್ಫ್ ಅಂದರೆ ತೆಳ್ಳಗೆ, ಚೆಲುವಾಗಿ, ನೂರಾರು ವರ್ಷ ಬದುಕುವ ಕಾಡಿನ ಸಂಗೀತದ ಜನ. ಡ್ವಾರ್ಫ್ ಅಂದರೆ ನೆಲದಡಿ ಗಣಿ ತೋಡುವ, ಕಬ್ಬಿಣ ಕಾಸಿ ಬಡಿಯುವ ಗಡ್ಡದ ಗಿಡ್ಡ ಜನ. ನೋಮ್ ಅವರಿಗಿಂತಲೂ ಸಣ್ಣವರು, ಹತ್ಯಾರು ಯಂತ್ರ ಕಣ್ಕಟ್ಟುಗಳ ಕೈಕಸುಬಿನವರು. ಒಂದು ಸಲ ನಿಂತು ನೋಡಿ: ಬೆವರು ಸುರಿಸುವವರೆಲ್ಲ ಗಿಡ್ಡ, ಬೆವರದವರೆಲ್ಲ ಚೆಲುವರು. ಈ ಗಿಡ್ಡರನ್ನು ಗಂಭೀರವಾಗಿ ಆಡೋದು ಹೇಗೆ ಅನ್ನುವ ಚರ್ಚೆ ಆ ಆಟದವರ ನಡುವೆಯೇ ಇದೆ. ಆದರೆ ಗಂಭೀರ ಅಂದರೆ ಏನು ಅನ್ನುವಲ್ಲೇ ಎಡವಟ್ಟು ಇರೋದು.

ಮೊದಲು ಹೆಸರಿನ ತಕರಾರು. ಕನ್ನಡದಲ್ಲಿ ಇವರನ್ನು ಏನಂತ ಕರೆಯೋದು? 'ಕುಬ್ಜ' ಅಂದರೆ ಗಣಿಯವನಿಗೆ ಮಡಿಪಂಚೆ ಉಡಿಸಿದ ಹಾಗೆ. 'ಕುಳ್ಳ' ಅಂದ ತಕ್ಷಣ ದ್ವಾರಕೀಶ್ ನೆನಪಾಗಿ ನಗು ಬರುತ್ತೆ. 1972ರ 'ಕುಳ್ಳ ಏಜೆಂಟ್ 000' ಆ ಮಾತಿಗೆ ಹಾಸ್ಯದ ಮೊಹರು ಒತ್ತಿಬಿಟ್ಟಿದೆ. ಇನ್ನು 'ವಾಮನ' ಅಂತೂ ಆಗೋದೇ ಇಲ್ಲ. ಪುರಾಣದ ಆ ಗಿಡ್ಡನನ್ನು ನೋಡಿ ಯಾರೂ ನಕ್ಕಿದ್ದಿಲ್ಲ. ಜನಿವಾರ, ಕೊಡೆ, ಕಮಂಡಲ ಹಿಡಿದು ಬಂದ. ಮೂರು ಹೆಜ್ಜೆ ಕೇಳಿದ. ಕೊಟ್ಟ ಬಲಿಯನ್ನೇ ಪಾತಾಳಕ್ಕೆ ತುಳಿದ. ಅಂದಮೇಲೆ ಜನ ನಗುವುದು ಗಿಡ್ಡತನಕ್ಕಲ್ಲ. ಗಿಡ್ಡನ ಕೈಯಲ್ಲಿ ಸುತ್ತಿಗೆ ಇದ್ದರೆ ನಗು, ಕಮಂಡಲ ಇದ್ದರೆ ಭಕ್ತಿ! ಹಾಗಾಗಿ ನಾನು ಡ್ವಾರ್ಫ್, ನೋಮ್ ಅಂತಲೇ ಬರೆಯುತ್ತೇನೆ. ಇನ್ನೊಂದು ಮಾತು. ಆಟದ ಡ್ವಾರ್ಫ್ ಬೇರೆ, ಹುಟ್ಟಿನಿಂದ ಗಿಡ್ಡಾಗಿ ಬೆಳೆದ ನಿಜವಾದ ಮನುಷ್ಯರು ಬೇರೆ. ಆದರೆ ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಹೆಸರು ಅಂಟಿಕೊಂಡಿದೆ. ಮೇಜಿನ ಮೇಲೆ ಕಲಿತ ನಗು ಮೇಜಿನ ಮೇಲೇ ಉಳಿಯುತ್ತೆ ಅಂತ ನಂಬುವಷ್ಟು ಮುಗ್ಧರು ನಾವಲ್ಲ.

ಡ್ವಾರ್ಫ್‌ಗಳ ಹಳೆಯ ಕಥೆಯಲ್ಲಿ ಈ ನಗು ಇಲ್ಲ. 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೊರಿ ಸ್ಟರ್ಲುಸನ್ ಬರೆದಿಟ್ಟ 'ಎಡ್ಡಾ'ದ ಪ್ರಕಾರ ದೇವರುಗಳು ಯಿಮಿರ್ ಎಂಬ ದೈತ್ಯನನ್ನು ಕೊಂದು ಅವನ ಮೈಯಿಂದ ಲೋಕ ಮಾಡಿದರು. ಅವನ ಮಾಂಸದಲ್ಲಿ ಹುಳುಗಳಂತೆ ಜೀವ ತಳೆದವರು ಡ್ವಾರ್ಫ್‌ಗಳು. ಪುರುಷಸೂಕ್ತ ಕೇಳಿ ಬೆಳೆದ ದೇಶದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಹುಟ್ಟು ಎಲ್ಲಿಂದ ಅಂತ ಬರೆಯುವವನು, ಯಾರು ಎಲ್ಲಿ ಇರಬೇಕು ಅಂತಲೂ ಅದೇ ಉಸಿರಿನಲ್ಲಿ ಬರೆದಿರುತ್ತಾನೆ. ಆದರೆ ಆ ಕಥೆಯಲ್ಲೇ ಇನ್ನೊಂದು ವಿವರ ಇದೆ. ಯಿಮಿರ್‌ನ ತಲೆಬುರುಡೆಯಿಂದ ಆಕಾಶ ಮಾಡಿದ ದೇವರುಗಳು ಅದು ಕುಸಿಯದಂತೆ ನಾಲ್ಕು ಮೂಲೆಗೆ ನಾಲ್ಕು ಡ್ವಾರ್ಫ್‌ಗಳನ್ನು ನಿಲ್ಲಿಸಿದರು. ಹುಳುಗಳು ಅಂದವರ ಹೆಗಲ ಮೇಲೇ ಆಕಾಶ!

ಸ್ನೊರಿ ಹೇಳುವ ಮತ್ತೊಂದು ಕಥೆ ಇನ್ನೂ ದೊಡ್ಡದು. ಲೋಕಿ ಎಂಬ ಕಪಟಿ ದೇವರು ಬ್ರೊಕ್ ಎಂಬ ಡ್ವಾರ್ಫಿನ ಜೊತೆ ತನ್ನ ತಲೆಯನ್ನೇ ಪಣ ಕಟ್ಟಿದ: ನಿನ್ನ ಒಡಹುಟ್ಟಿದವನು ದೇವರುಗಳಿಗೆ ಮೆಚ್ಚುಗೆಯಾಗುವಂಥ ವಸ್ತು ಮಾಡಲಾರ ಅಂತ. ಕುಲುಮೆ ಉರಿಯಿತು. ಬ್ರೊಕ್ ತಿದಿ ಒತ್ತುತ್ತಾ ಕೂತ. ಒಂದು ನೊಣ ಬಂದು ಕೈ ಕಚ್ಚಿತು, ಕತ್ತು ಕಚ್ಚಿತು, ಅವನು ತಿದಿ ಬಿಡಲಿಲ್ಲ. ಕೊನೆಗೆ ಕಣ್ಣರೆಪ್ಪೆ ಕಚ್ಚಿ ರಕ್ತ ಕಣ್ಣಿಗಿಳಿದಾಗ ಒಂದೇ ಗಳಿಗೆ ಕೈ ತೆಗೆದು ಒರೆಸಿಕೊಂಡ. ಅಷ್ಟಕ್ಕೇ ಥಾರ್ ದೇವರ ಸುತ್ತಿಗೆಯ ಹಿಡಿ ಕುಳ್ಳಾಯಿತು. ಆದರೂ ಅದೇ ಎಲ್ಲಕ್ಕಿಂತ ಮೇಲು ಅಂತ ದೇವರುಗಳೇ ತೀರ್ಪು ಕೊಟ್ಟರು. ಪಣದ ಲೆಕ್ಕ ಚುಕ್ತ ಮಾಡು ಅಂದರೆ ಲೋಕಿ ಏನಂದ? ತಲೆ ನಿನ್ನದೇ, ಕತ್ತು ಮಾತ್ರ ನಿನ್ನದಲ್ಲ, ಮುಟ್ಟಬೇಡ ಅಂದ. ಶ್ಯಾನುಭೋಗರ ಲೆಕ್ಕ ಕಂಡವರಿಗೆ ಈ ಮಾತಿನ ಧಾಟಿ ಹೊಸದಲ್ಲ. ಬ್ರೊಕ್ ಜಗಳ ಆಡಲಿಲ್ಲ. ಹಾಗೆ ಮಾತಾಡಿದ ತುಟಿಗಳನ್ನು ಹಿಡಿದು ಹೊಲಿದುಬಿಟ್ಟ.

ದುಡಿಮೆ, ನೋವು, ಮೋಸ, ಸಿಟ್ಟು ಎಲ್ಲ ಇರುವ ಈ ಕಥೆಯಿಂದ ಆಟಕ್ಕೆ ಬಂದದ್ದು ಏನು? ಗಡ್ಡ ಬಂತು, ಸುತ್ತಿಗೆ ಬಂತು. ಹೊಲಿದ ತುಟಿ ಬರಲಿಲ್ಲ.

ಬಂದದ್ದು ನಿಯಮ. 1974ರ ಪುಸ್ತಕದಲ್ಲಿ ಡ್ವಾರ್ಫ್ ಆದವನು ಕಾದಾಳು ಮಾತ್ರ ಆಗಬಹುದು, 6ನೇ ಮೆಟ್ಟಿಲಿಗಿಂತ ಮೇಲೆ ಹತ್ತುವಂತಿಲ್ಲ. ಮನುಷ್ಯನಿಗೆ ಆ ಅಡ್ಡಗೋಡೆ ಇಲ್ಲ. ಲೋಕ ಮನುಷ್ಯಕೇಂದ್ರಿತವಾಗಿ ಉಳಿಯಬೇಕಾದರೆ ಹೀಗೆ ಇರಲೇಬೇಕು ಅಂತ ಗೈಗ್ಯಾಕ್ಸ್ 1979ರ ಕೈಪಿಡಿಯಲ್ಲಿ ಸಮರ್ಥನೆಯನ್ನೂ ಕೊಟ್ಟರು. ದೇವರುಗಳಿಗೆ ಮಾಯದ ಆಯುಧ ಮಾಡಿಕೊಟ್ಟ ಜನಕ್ಕೆ ಮಂತ್ರವಿದ್ಯೆ ನಿಷಿದ್ಧ. ಅದು ಅವರ ಸ್ವಭಾವಕ್ಕೆ ಒಗ್ಗದು ಅನ್ನುವ ಕಾರಣ! ಈ ಅಡ್ಡಗೋಡೆಗಳು ಬಿದ್ದದ್ದು 2000ದಲ್ಲಿ, ಮೂರನೆಯ ಆವೃತ್ತಿ ಬಂದಾಗ. 26 ವರ್ಷ ಹುಡುಗರು ಇದನ್ನು ಪ್ರಶ್ನೆ ಮಾಡದೆ ಆಡಿದರು ಅಂತಲ್ಲ. ಎಷ್ಟೋ ಮೇಜುಗಳಲ್ಲಿ ಇದನ್ನು ಮೂಲೆಗೆ ತಳ್ಳಿಯೇ ಆಡಿದ್ದಾರೆ. ಆದರೆ ಪುಸ್ತಕದಲ್ಲಿ ಇದ್ದದ್ದು ಇದ್ದೇ ಇತ್ತು.

ಕೂಡಲೇ ಕಣ್ಣಿಗೆ ಬೀಳದ ನಿಯಮ ಇನ್ನೊಂದು. ನೆಲದಡಿಯ ಇಳಿಜಾರು, ಹೊಸದಾಗಿ ಕಟ್ಟಿದ ಗೋಡೆ, ಸರಿಯುವ ಕಲ್ಲು ಇವನ್ನು ಡ್ವಾರ್ಫ್ ಹುಟ್ಟಿನಿಂದಲೇ ಗುರುತಿಸುತ್ತಾನೆ. ಯಾರ ಹತ್ತಿರ ಕಲಿತ? ಎಷ್ಟು ವರ್ಷ ಕಲ್ಲು ಒಡೆದ? ಎಷ್ಟು ಸಲ ಬೆರಳು ಜಜ್ಜಿಸಿಕೊಂಡ? ಪುಸ್ತಕಕ್ಕೆ ಇದು ಬೇಕಿಲ್ಲ. ಕಸುಬು ರಕ್ತದಲ್ಲೇ ಇದೆ ಅಂದುಬಿಟ್ಟರೆ ಕಲಿತವನಿಗೆ ಮರ್ಯಾದೆ ಕೊಡಬೇಕಾದ ತಾಪತ್ರಯ ಇಲ್ಲ. ಮೂರನೆಯದು, ಡ್ವಾರ್ಫಿಗೆ ವಿಷ ಸುಲಭಕ್ಕೆ ತಾಗದು. ಆಹಾ, ಎಂಥ ಅನುಕೂಲ! ಜರ್ಮನಿಯ ಗಣಿಗಳಲ್ಲಿ ಆರ್ಸೆನಿಕ್ ಬೆರೆತ ಅದಿರು ಕಾಸಿ ಹೊಗೆ ಕುಡಿದು ಕಾಯಿಲೆ ಬಿದ್ದ ಕೂಲಿಗಳು ಅದನ್ನು ಕೋಬೋಲ್ಡ್ ಎಂಬ ನೆಲದಡಿಯ ಭೂತದ ಕಾಟ ಅಂದುಕೊಂಡರು. ಕೋಬಾಲ್ಟ್ ಲೋಹಕ್ಕೆ ಹೆಸರು ಬಂದದ್ದು ಆ ಭೂತದಿಂದ. ಕೂಲಿಯವನ ಮೈಗೆ ತಾಗಿದ ವಿಷ ಕಥೆಯಾಗಿ, ಕಥೆ ಆಟವಾಗುವ ಹೊತ್ತಿಗೆ ನೆಲದಡಿ ದುಡಿಯುವವನಿಗೆ ವಿಷವೇ ತಾಗದಂತಾಯಿತು. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಇಳಿದವರಲ್ಲಿ ದೊಡ್ಡ ಪಾಲು ದಲಿತರು. ಕಲ್ಲಿನ ದೂಳು ಶ್ವಾಸಕೋಶಕ್ಕೆ ಏನು ಮಾಡುತ್ತೆ ಅಂತ ಅಲ್ಲಿಯ ಮನೆಗಳಲ್ಲಿ ಕೇಳಬೇಕು. ಆಟದ ಯಾವ ಪುಸ್ತಕದಲ್ಲೂ ಒಬ್ಬ ಡ್ವಾರ್ಫ್ ಕೆಮ್ಮಿದ್ದನ್ನು ನಾನು ಓದಿಲ್ಲ.

ಇಷ್ಟಾಗಿ ಆಟದ ಕಥೆಗಳಲ್ಲಿ ಗಣಿ ಬರುವುದೇ ಬಹಳ ಸಲ ಪಾಳುಬಿದ್ದ ಮೇಲೆ. ತೋಡಿದವರು ಸತ್ತಿರುತ್ತಾರೆ, ಚಿನ್ನ ಉಳಿದಿರುತ್ತೆ, ವೀರರು ದೀವಟಿಗೆ ಹಿಡಿದು ಒಳಗೆ ನುಗ್ಗುತ್ತಾರೆ.

ಈಗ ನಗುವಿನ ವಿಷಯ. 1984ರಿಂದ ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಅವರ 'ಡ್ರ್ಯಾಗನ್‌ಲ್ಯಾನ್ಸ್' ಕಾದಂಬರಿಗಳು, ಅದೇ ಹೆಸರಿನ ಆಟದ ಪುಸ್ತಕಗಳು ಬಂದವು. ಅಲ್ಲಿ 'ಗಲ್ಲಿ ಡ್ವಾರ್ಫ್' ಎಂಬ ಒಂದು ಕುಲ ಇದೆ. ಗಲ್ಲಿ ಅಂದರೆ ಇಂಗ್ಲಿಷಿನಲ್ಲಿ ಕೊರಕಲು. ನಮ್ಮ ಕಿವಿಗೆ ಬೇರೆ ಕೇಳಿಸಿದರೂ ಅರ್ಥ ಬಹಳ ದೂರ ಹೋಗುವುದಿಲ್ಲ. ಇವರು ಹೊಲಸಿನಲ್ಲಿ ಇರುತ್ತಾರೆ, ಎಸೆದದ್ದನ್ನು ತಿನ್ನುತ್ತಾರೆ, ಹೇಡಿಗಳು, ಎರಡರ ಆಚೆ ಎಣಿಸಲು ಬಾರದವರು. ಎಷ್ಟು ಜನ ಇದ್ದೀರಿ ಅಂದರೆ ಎರಡು ಅನ್ನುತ್ತಾರೆ. ಇಡೀ ಮೇಜು ನಗುತ್ತೆ. ಇವರು ಹುಟ್ಟಿದ್ದು ಹೇಗೆ? ಆ ಜಗತ್ತಿನ ಪುಸ್ತಕಗಳು ಕೊಟ್ಟ ಒಂದು ವಿವರಣೆ, ಡ್ವಾರ್ಫ್ ಮತ್ತು ನೋಮ್ ಕುಲಗಳು ಬೆರೆತು ಹುಟ್ಟಿದ ಸಂತಾನ ಇದು; ಎರಡೂ ಕಡೆಯವರು ಹೊರಗಟ್ಟಿದರು. ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ. ಚಂಡಾಲ ಯಾರು ಅನ್ನುವುದಕ್ಕೆ ಮನು ಕೊಡುವ ಉತ್ತರವೂ ಇದೇ, ಬೆರಕೆ. ಆ ಅಮೆರಿಕನ್ ಲೇಖಕರು ಮನುವನ್ನು ಓದಿದ್ದರು ಅಂತ ನಾನು ಹೇಳುತ್ತಿಲ್ಲ. ಓದದೆಯೇ ಅಲ್ಲಿಗೆ ಹೋಗಿ ಮುಟ್ಟಿದರಲ್ಲ, ನನ್ನನ್ನು ಕಾಡುವುದು ಅದು. ಊರ ಹೊರಗೆ ಒಂದು ಕುಲವನ್ನು ಇಡಬೇಕಾದಾಗ ಎಲ್ಲ ಕಡೆಯ ಬುದ್ಧಿಯೂ ಒಂದೇ ಸುಳ್ಳನ್ನು ಹುಡುಕಿಕೊಳ್ಳುತ್ತೆ.

ಮೊದಲ ಕಾದಂಬರಿಯಲ್ಲಿ ಒಂದು ಪಾಳು ನಗರ ಬರುತ್ತೆ. ಅಲ್ಲಿ ಮೇಲೆ ಕೆಳಗೆ ಓಡಾಡಲು ರಾಟೆಗೆ ಕಟ್ಟಿದ ಎರಡು ದೊಡ್ಡ ಕೊಪ್ಪರಿಗೆಗಳಿವೆ. ಕೆಳಗಿನ ಸೈನಿಕರು ಮೇಲಕ್ಕೆ ಬರಬೇಕಾದರೆ ಮೇಲಿನ ಕೊಪ್ಪರಿಗೆಗೆ ಗಲ್ಲಿ ಡ್ವಾರ್ಫ್‌ಗಳು ಹತ್ತಿ ಕೂರಬೇಕು. ಅವರ ಮೈಭಾರಕ್ಕೆ ಅದು ಕೆಳಗಿಳಿದರೆ ಸೈನಿಕರದು ಮೇಲೇರುತ್ತೆ. ಇವರು ಇಳಿದಷ್ಟೂ ಅವರು ಏರುತ್ತಾರೆ. ಇಷ್ಟು ನಿಚ್ಚಳವಾದ ಚಿತ್ರವನ್ನು ನಮ್ಮ ಬಂಡಾಯದ ಕವಿಗಳೂ ಕಟ್ಟಲಿಲ್ಲವಲ್ಲ ಅಂತ ಒಂದು ಕ್ಷಣ ಹೊಟ್ಟೆಕಿಚ್ಚಾಗುತ್ತೆ. ಆದರೆ ಬರೆದವರಿಗೆ ಅದು ತಮಾಷೆಯ ಸನ್ನಿವೇಶ. ಅವರ ಕೈ ಸತ್ಯ ಬರೆಯಿತು, ಕಣ್ಣು ಅದನ್ನು ನೋಡಲಿಲ್ಲ. ಬುಪು ಎಂಬ ಗಲ್ಲಿ ಡ್ವಾರ್ಫ್ ಹೆಣ್ಣೊಬ್ಬಳಿದ್ದಾಳೆ. ರೇಸ್ಟ್ಲಿನ್ ಎಂಬ ಕಾಯಿಲೆಯ ಮಂತ್ರವಾದಿ ಅವಳೊಬ್ಬಳ ಜೊತೆ ಮೃದುವಾಗಿ ಮಾತಾಡುತ್ತಾನೆ. ಅಲ್ಲಿ ಮಾತ್ರ ನಗು ಸ್ವಲ್ಪ ಹೊತ್ತು ಬಾಯಿ ಮುಚ್ಚುತ್ತೆ. ಆದರೆ ಆ ಗಳಿಗೆಯಲ್ಲಿ ದೊಡ್ಡವನಾಗುವುದು ಅವನು, ಅವಳಲ್ಲ.

ಅದೇ ಜಗತ್ತಿನ ನೋಮ್‌ಗಳ ಕಥೆ ಇನ್ನೂ ಖಾರ. ಅವರು ಮೊದಲು ಮನುಷ್ಯರೇ, ರಿಯಾರ್ಕ್ಸ್ ಎಂಬ ಕಮ್ಮಾರ ದೇವರ ಕೈಕೆಳಗಿನ ಕುಶಲಿಗಳು. ತಮ್ಮ ಕಸುಬಿನ ಬಗ್ಗೆ ಹೆಮ್ಮೆ ಪಟ್ಟು, ಅದನ್ನು ದೇವರಿಗಾಗಿ ಅಲ್ಲದೆ ತಮಗಾಗಿ ಬಳಸಿಕೊಂಡರು ಅಂತ ಶಾಪ ತಗುಲಿ ಗಿಡ್ಡ ನೋಮ್‌ಗಳಾದರು. ಅಂದರೆ ಅಪರಾಧ ಏನು? ನನ್ನ ಕೈಕೆಲಸ ನನ್ನದು ಅಂದದ್ದು. ಶಿಕ್ಷೆ ಏನು? ಅವತ್ತಿನಿಂದ ಅವರು ಮಾಡಿದ ಯಂತ್ರ ಯಾವುದೂ ನೆಟ್ಟಗೆ ಓಡುವುದಿಲ್ಲ. ಸಿಡಿಯುತ್ತೆ, ಮುರಿಯುತ್ತೆ, ತಪ್ಪು ಕಡೆ ಹಾರುತ್ತೆ. ಅವರ ಹೆಸರುಗಳು ಪುಟಗಟ್ಟಲೆ ಉದ್ದ. ಕೇಳುವ ತಾಳ್ಮೆ ಯಾರಿಗೂ ಇಲ್ಲ, ಅದೂ ತಮಾಷೆಯೇ. ಕಸುಬುದಾರನ ಹೆಸರು ಪೂರ್ತಿ ಕೇಳಿಸಿಕೊಳ್ಳದೆ 'ಏಯ್' ಅಂತ ಕರೆಯುವ ಗೌಡನ ಜಗಲಿ ನೆನಪಾದರೆ ತಪ್ಪೇನಿಲ್ಲ. 2008ರ ನಾಲ್ಕನೆಯ ಆವೃತ್ತಿಯಲ್ಲಿ ನೋಮನ್ನು ಆಟಗಾರರ ಪುಸ್ತಕದಿಂದಲೇ ತೆಗೆದು ರಾಕ್ಷಸರ ಪಟ್ಟಿಯ ಪುಸ್ತಕಕ್ಕೆ ಕಳಿಸಿದರು. ಅದನ್ನೇ ತಮಾಷೆ ಮಾಡಿ ಪ್ರಚಾರದ ಚಿತ್ರವನ್ನೂ ಬಿಟ್ಟರು. 2009ರಲ್ಲಿ ವಾಪಸು ಬಂದ. ಯಾರೂ ಅಳಲಿಲ್ಲ, ಅದು ಬೇರೆ ಮಾತು.

ಇದನ್ನೆಲ್ಲ ಕಂಡು ಬೇಸತ್ತ ಆಟಗಾರರು ನಾವು ಡ್ವಾರ್ಫನ್ನು ಗಂಭೀರವಾಗಿ ಆಡುತ್ತೇವೆ ಅಂತ ಹೊರಡುತ್ತಾರೆ. ಒಳ್ಳೆಯ ಮನಸ್ಸು. ಮಾಡುವುದು ಏನು? ನಗು ನಿಲ್ಲಿಸಿ ಹುಬ್ಬು ಗಂಟಿಕ್ಕುತ್ತಾರೆ. ಕುಲಗೌರವ, ಪೂರ್ವಿಕರ ಆಣೆ, ಕೊಡಲಿ, ಪೀಪಾಯಿಗಟ್ಟಲೆ ಬಿಯರು. ದನಿ ಮಾತ್ರ ಸ್ಕಾಟ್ಲೆಂಡಿನ ಒರಟು ಇಂಗ್ಲಿಷು. ಪೌಲ್ ಆಂಡರ್ಸನ್ ಅವರ 'ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್'ನಲ್ಲಿ ಹ್ಯೂಗಿ ಎಂಬ ಡ್ವಾರ್ಫ್ ಹಾಗೆ ಮಾತಾಡಿದ್ದ. ಆಟಕ್ಕೆ ಆ ಪುಸ್ತಕದ ಸಾಲ ಬಹಳ ಇದೆ. ಎಲ್ಫ್ ಮಾತ್ರ ಲಂಡನ್ನಿನ ದೊಡ್ಡ ಮನೆಯವರಂತೆ ಮಾತಾಡಬೇಕು. ನಮ್ಮ ಸಿನಿಮಾದಲ್ಲಿ ನಾಯಕ ಪುಸ್ತಕದ ಕನ್ನಡ ಆಡಿ, ಆಳುಮಗನ ಬಾಯಿಗೆ ಮಾತ್ರ ಯಾವುದೋ ಸೀಮೆಯ ಮಾತು ತುರುಕುತ್ತಿದ್ದರಲ್ಲ, ಅದೇ ಏರ್ಪಾಡು. ಸೀಮೆಯ ಮಾತಿನಲ್ಲಿ ತತ್ವವನ್ನೂ ಹೇಳಬಹುದು, ಪ್ರೀತಿಯನ್ನೂ ಹೇಳಬಹುದು ಅನ್ನುವುದು ಇವರಿಗೆ ಹೊಳೆದಿರುವುದಿಲ್ಲ. ಹೀಗೆ ಮೊದಲು ಕೋಡಂಗಿಯಾಗಿದ್ದವನು ಈಗ ಗರಡಿಯ ಬೊಂಬೆಯಾದ. ಮನುಷ್ಯನಂತೂ ಆಗಲಿಲ್ಲ.

ಗಂಭೀರ ಅಂದರೆ ಏನು ಅಂತ ತಿಳಿಯಬೇಕಾದರೆ ಆಟದಿಂದ ಸ್ವಲ್ಪ ಆಚೆ ಬಂದು ಒಂದು ಚಿತ್ರ ನೋಡಬೇಕು. ಸ್ಪೇನಿನ ದೊರೆ ನಾಲ್ಕನೆಯ ಫಿಲಿಪ್‌ನ ಆಸ್ಥಾನದಲ್ಲಿ ನಗಿಸುವುದಕ್ಕೆಂದೇ ಗಿಡ್ಡ ಮನುಷ್ಯರನ್ನು ಸಾಕಿಕೊಂಡಿದ್ದರು. ಅವರಲ್ಲಿ ಒಬ್ಬ ಸೆಬಾಸ್ಟಿಯನ್ ದೆ ಮೊರ್ರಾ. ಆಸ್ಥಾನದ ಚಿತ್ರಕಾರ ವೆಲಾಸ್ಕೆಸ್ 1645ರ ಸುಮಾರಿಗೆ ಅವನನ್ನು ಬರೆದ. ಚಿತ್ರ ಮ್ಯಾಡ್ರಿಡ್‌ನ ಪ್ರಾದೋ ಸಂಗ್ರಹಾಲಯದಲ್ಲಿದೆ. ಹಿಂದೆ ಏನೂ ಇಲ್ಲ, ಬರೀ ಕತ್ತಲೆ. ಅವನು ನೆಲದ ಮೇಲೆ ಕೂತಿದ್ದಾನೆ, ಕಾಲು ನಮ್ಮ ಕಡೆ ಚಾಚಿ, ಪಾದರಕ್ಷೆಯ ಅಡಿ ಕಾಣುವ ಹಾಗೆ. ಮುಷ್ಟಿ ಬಿಗಿದಿದ್ದಾನೆ. ನೇರ ನಮ್ಮನ್ನೇ ನೋಡುತ್ತಿದ್ದಾನೆ. ಅವನನ್ನು ಉದ್ದ ಮಾಡಿಲ್ಲ, ಚೆಲುವನನ್ನಾಗಿ ಮಾಡಿಲ್ಲ, ಕೈಗೆ ಕತ್ತಿ ಕೊಟ್ಟಿಲ್ಲ. ದೊರೆಯನ್ನು ನೋಡಿದ ಕಣ್ಣಲ್ಲೇ ಚಿತ್ರಕಾರ ಅವನನ್ನೂ ನೋಡಿದ್ದಾನೆ, ಅಷ್ಟೆ. ನೀನು ಯಾಕೆ ನಗ್ತಿದ್ದೀಯ ಅಂತ ಅವನು ಕೇಳುವ ಹಾಗಿದೆ. ಮೇಜಿನ ಮೇಲಿನ ಡ್ವಾರ್ಫ್ ಹೀಗೆ ತಿರುಗಿ ನೋಡಿದ್ದು ಬಹಳ ಕಡಿಮೆ.

ಅಂಥ ನೋಟದ ಹತ್ತಿರ ಹೋಗಿ ಬಂದದ್ದು ಅಂದರೆ ನಾನು ಕಂಡ ಹಾಗೆ 2009ರ 'ಡ್ರ್ಯಾಗನ್ ಏಜ್: ಒರಿಜಿನ್ಸ್'. ಇದು ಕೆನಡಾದ ಬಯೋವೇರ್ ಸಂಸ್ಥೆಯ ಕಂಪ್ಯೂಟರ್ ಆಟ. ಆಮೇಲೆ ಮೇಜಿನ ಆಟವಾಗಿಯೂ ಬಂತು. ಇದರಲ್ಲಿ ಆರ್ಜಮಾರ್ ಎಂಬ ಡ್ವಾರ್ಫ್ ನಗರ ನೆಲದಡಿ ಇದೆ. ಅಲ್ಲಿ ಇರುವುದು ಜಾತಿ, ಇಂಗ್ಲಿಷಿನಲ್ಲೂ ಅದೇ ಪದ ಬಳಸಿದ್ದಾರೆ. ದೊರೆಮನೆತನ, ಯೋಧರು, ಕಮ್ಮಾರರು, ಕುಶಲಿಗಳು, ಗಣಿಯವರು, ವ್ಯಾಪಾರಿಗಳು, ಆಳುಗಳು. ಎಲ್ಲರ ಕೆಳಗೆ ಜಾತಿಯೇ ಇಲ್ಲದವರು. ಅವರ ಮುಖದ ಮೇಲೆ ಗುರುತು ಹಾಕಿರುತ್ತಾರೆ. ಅವರ ಕೇರಿಯ ಹೆಸರು ದೂಳೂರು ಅನ್ನಬಹುದು. ನೆಲದಡಿಯ ಕಲ್ಲೇ ಆ ಜನಕ್ಕೆ ದೈವ. ಆ ಕಲ್ಲೂ ಇವರನ್ನು ಒಲ್ಲೆ ಅಂದಿದೆ ಅಂತ ಶಾಸ್ತ್ರ. ಗಂಡುಮಗುವಿಗೆ ಅಪ್ಪನ ಜಾತಿ, ಹೆಣ್ಣುಮಗುವಿಗೆ ಅಮ್ಮನ ಜಾತಿ. ಹಾಗಾಗಿ ದೊರೆಮನೆಯವನಿಗೆ ಗಂಡು ಹೆತ್ತುಕೊಟ್ಟರೆ ಮನೆಮಂದಿಗೆಲ್ಲ ಕೇರಿಯಿಂದ ಬಿಡುಗಡೆ. ಅದಕ್ಕೆಂದೇ ಅಕ್ಕನನ್ನು ಸಿಂಗರಿಸಿ ಕಳಿಸುವ ಒಬ್ಬ ದಳ್ಳಾಳಿ ಇದ್ದಾನೆ. ಕುಡಿದು ಬಿದ್ದ ತಾಯಿ ಇದ್ದಾಳೆ. ನೀವು ಆ ಮನೆಯಲ್ಲಿ ಹುಟ್ಟಿದವರಾಗಿ ಆಡಬಹುದು.

ಒಂದು ದಿನ ಅಖಾಡದಲ್ಲಿ ಯೋಧಜಾತಿಯವನೊಬ್ಬ ಕುಡಿದು ಮಲಗಿರುತ್ತಾನೆ. ನೀವು ಅವನ ಕವಚ ತೊಟ್ಟು, ಮುಖ ಮುಚ್ಚಿ, ಕಣಕ್ಕಿಳಿದು ಒಬ್ಬೊಬ್ಬರನ್ನೇ ಕೆಡವುತ್ತೀರಿ. ಜನ ಜಯಕಾರ ಹಾಕುತ್ತಾರೆ. ಕುಡಿದವನು ಎದ್ದು ತೂರಾಡುತ್ತಾ ಬಂದಾಗ ಗುಟ್ಟು ರಟ್ಟಾಗುತ್ತೆ. ಅದೇ ತೋಳು, ಅದೇ ಕತ್ತಿ, ಅದೇ ಗೆಲುವು. ಮುಖದ ಗುರುತು ಕಂಡದ್ದೇ ಗೆಲುವು ಅಪರಾಧವಾಯಿತು, ಸೆರೆಮನೆಗೆ ನೂಕುತ್ತಾರೆ. ಏಕಲವ್ಯನ ನಂತರ ಇನ್ನೇನು ಹೇಳಬೇಕು? ಗುರುತು ಇಲ್ಲದ ಮುಖಗಳ ಹುಡುಗರು, ಟೊರಾಂಟೋದಲ್ಲೊ ಬೆಂಗಳೂರಿನ ಮೇಲ್ಜಾತಿಯ ಮನೆಯಲ್ಲೊ ಕೂತವರು, ಆ ಹತ್ತು ನಿಮಿಷ ಗುರುತು ಹೊತ್ತು ಓಡಾಡಿದರಲ್ಲ, ಅದನ್ನು ನಾನು ಸಣ್ಣದು ಅನ್ನುವುದಿಲ್ಲ.

ಆದರೆ ಆಮೇಲೆ? ಹೊರಗಿನಿಂದ ಬಂದ ವೀರಪಡೆಯ ನಾಯಕನೊಬ್ಬ ನಿಮ್ಮನ್ನು ಮೆಚ್ಚಿ ಕರೆದುಕೊಂಡು ಹೋಗುತ್ತಾನೆ. ಒಬ್ಬ ಪಾರಾದ, ಕೇರಿ ಹಿಂದೆಯೇ ಉಳಿಯಿತು. ಮುಂದೆ ನೀವೇ ಬಂದು ಆ ನಗರಕ್ಕೆ ದೊರೆ ಯಾರು ಅಂತ ತೀರ್ಮಾನ ಮಾಡುವ ಸಂದರ್ಭ ಬರುತ್ತೆ. ಹ್ಯಾರೋಮಾಂಟ್ ಸಭ್ಯ, ಮಾತಿಗೆ ತಪ್ಪದವನು, ಸಂಪ್ರದಾಯಸ್ಥ. ಅವನು ಬಂದರೆ ಜಾತಿ ಹಾಗೇ ಇರುತ್ತೆ. ಭೇಲೆನ್ ಕೊಲೆಗಡುಕ, ಕುತಂತ್ರಿ. ಅವನು ಬಂದರೆ ಕಟ್ಟು ಸಡಿಲವಾಗುತ್ತೆ, ಆದರೆ ಜಾತಿ ಇಲ್ಲದವರು ಕತ್ತಿ ಹಿಡಿದು ಅವನ ಯುದ್ಧಕ್ಕೆ ಹೋಗಬೇಕು. ಒಳ್ಳೆಯತನಕ್ಕೂ ನ್ಯಾಯಕ್ಕೂ ಗಂಟು ಹಾಕಬೇಡಿ ಅನ್ನುವಷ್ಟು ಬುದ್ಧಿ ಈ ಆಟಕ್ಕಿದೆ. ಸಭ್ಯರ ಕೈಯಲ್ಲಿ ಏಟು ತಿಂದವರಿಗೆ ಇದು ಗೊತ್ತೇ ಇದೆ. ಆದರೆ ಮೂರನೆಯ ಉತ್ತರ ಒಂದು ಇರಬೇಕಿತ್ತು: ದೂಳೂರಿನವರೇ ಸೇರಿ ಒಂದು ಮಾತು ಆಡುವ ಉತ್ತರ. ಆ ಗುಂಡಿ ಒತ್ತುವ ಅವಕಾಶ ಆಟದಲ್ಲಿ ಇಲ್ಲ. ಬಿಡುಗಡೆ ಅಂದರೆ ದೊರೆ ಕೊಡುವುದು, ಇಲ್ಲವೆ ಒಬ್ಬ ಓಡಿಹೋಗುವುದು. ಅಲ್ಲಿಗೆ ಬಂದು ಬಯೋವೇರ್‌ನವರ ಗಾಂಭೀರ್ಯ ನಿಂತುಹೋಯಿತು.

2024ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪುಸ್ತಕದಲ್ಲಿ ಜನಾಂಗ ಅನ್ನುವ ಪದ ತೆಗೆದು ಜೀವಿಪ್ರಭೇದ ಅನ್ನುವ ಅರ್ಥದ ಪದ ಹಾಕಿದ್ದಾರೆ. ಬಲ, ಬುದ್ಧಿ ಇತ್ಯಾದಿ ಹೆಚ್ಚಾಗುವುದು ಹುಟ್ಟಿನಿಂದಲ್ಲ, ಬೆಳೆದ ಹಿನ್ನೆಲೆಯಿಂದ ಅಂದಿದ್ದಾರೆ. ಇದು ಸರಿಯಾದ ಹೆಜ್ಜೆ, ಮುಕ್ಕಾಲು ಹೆಜ್ಜೆ. ಡ್ವಾರ್ಫಿನ ಕಲ್ಲಿನ ಅರಿವು ಇನ್ನೂ ರಕ್ತದಲ್ಲೇ ಇದೆ, ವಿಷ ಇನ್ನೂ ತಾಗುವುದಿಲ್ಲ. ಗಣಿ ಯಾರದು ಅಂತ ಪುಸ್ತಕ ಇನ್ನೂ ಕೇಳಿಲ್ಲ.

ನಗಬೇಡಿ ಅಂತ ನಾನು ಹೇಳುತ್ತಿದ್ದೇನೆ ಅಂತ ಯಾರೂ ತಿಳಿಯಬಾರದು. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಗೊತ್ತು, ಹಸಿವು ಅವಮಾನಗಳ ನಡುವೆಯೇ ಕೇರಿ ಎಷ್ಟು ನಗುತ್ತೆ ಅಂತ. ಅಲ್ಲಿ ನಗುವಿನ ಹಿಡಿ ಕೇರಿಯವನ ಕೈಯಲ್ಲಿದೆ. ಗಲ್ಲಿ ಡ್ವಾರ್ಫ್ 'ಎರಡು' ಅಂದಾಗ ಮೇಜು ನಗುತ್ತೆ, ಸರಿ. ತೆರಿಗೆಯವನು ಬಂದು ನಿಮ್ಮ ಮನೆಯಲ್ಲಿ ಎಷ್ಟು ತಲೆ ಅಂತ ಕೇಳಿದಾಗ ಅದೇ ಡ್ವಾರ್ಫ್ 'ಎರಡು' ಅಂದು, ಆಮೇಲೆ ಗುಡಿಸಲಿನ ಒಳಗೆ ಇಪ್ಪತ್ತು ಜನ ಬಾಯಿಗೆ ಬಟ್ಟೆ ಇಟ್ಟುಕೊಂಡು ನಕ್ಕರೆ? ಮಾತು ಅದೇ, ಎಣಿಕೆ ಅದೇ. ನೋಮ್‌ನ ಯಂತ್ರ ದೊರೆಯ ಮುಂದೆ ಮಾತ್ರ ಕೆಡುತ್ತೆ, ಅವನ ಮನೆಯಲ್ಲಿ ಸರಾಗ ಓಡುತ್ತೆ ಅಂತ ಒಬ್ಬ ಆಟಗಾರ ಇಟ್ಟುಕೊಂಡರೆ ಆ ಶಾಪದ ಕಥೆಯೇ ಬೇರೆಯಾಗುತ್ತೆ. ಇದಕ್ಕೆ ಹೊಸ ಪುಸ್ತಕ ಬೇಕಿಲ್ಲ, ನಿಯಮ ತಿದ್ದಬೇಕಾಗಿಲ್ಲ.

ಕಥೆ ನಡೆಸುವ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಆ ಪಾಳು ನಗರದ ಕೊಪ್ಪರಿಗೆಗಳ ಹತ್ತಿರ ನಿಮ್ಮ ವೀರರನ್ನು ತಂದು ನಿಲ್ಲಿಸಿ. ಕೆಳಗೆ ಸೈನಿಕರು ಕೂಗುತ್ತಿದ್ದಾರೆ, ಮೇಲೆ ಗಲ್ಲಿ ಡ್ವಾರ್ಫ್‌ಗಳು ಕೂತಿದ್ದಾರೆ. ಇವತ್ತು ನಾವು ಕೊಪ್ಪರಿಗೆ ಹತ್ತೋದಿಲ್ಲ ಅಂತ ಅವರ ಬಾಯಲ್ಲಿ ಹೇಳಿಸಿ. ದಾಳ ಮುಟ್ಟಬೇಡಿ. ಮೇಜಿನ ಸುತ್ತ ಇರುವವರು ಮೊದಲು ಏನು ಮಾತಾಡುತ್ತಾರೆ, ಸುಮ್ಮನೆ ಕೇಳಿಸಿಕೊಳ್ಳಿ.